ಹಗಲು ದೋಣಿ, ರಾತ್ರಿ ಸೂರು

ಫ್ಲಾರಿಡಾದಲ್ಲಿರುವ ನನ್ನ ಮೊಮ್ಮಗ ಭಾನುವಾರ ಫೋನ್ ಮಾಡಿದಾಗ ಒಂದು ಸುದ್ದಿ ಹೇಳಿದ. ಅಲ್ಲಿ ಕೆಲವರು ದೋಣಿಯಲ್ಲೇ ಸಂಸಾರ ಹೂಡಿದ್ದಾರಂತೆ. ಅಡಿಗೆ, ನಿದ್ದೆ, ಓದು ಎಲ್ಲಾ ಅದರೊಳಗೇ. ಜೂನ್‌ನಿಂದ ನವೆಂಬರ್‌ವರೆಗೆ ಅಲ್ಲಿ ಚಂಡಮಾರುತದ ಕಾಲ. ಆಗ ದೋಣಿಯನ್ನು ಕ್ರೇನಿನಲ್ಲಿ ದಡಕ್ಕೆತ್ತಿ, ನೆಲಕ್ಕೆ ಬಿಗಿದು, ತಳ ಕೆರೆದು ಬಣ್ಣ ಬಳಿಯುತ್ತಾರಂತೆ. "ನಿಮ್ಮ ಮಂಡ್ಯದಲ್ಲಿ ಇಂಥದ್ದೆಲ್ಲ ಎಲ್ಲಿ ತಾತ?" ಎಂದ.

"ಇತ್ತು ಕಣೋ" ಎಂದೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಮಕ್ಕಳೇ.

ಎಂಬತ್ತರ ದಶಕದಲ್ಲಿ ನಾನು ಮಳವಳ್ಳಿಯ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಕಡುಬಡವರಿಗೆ ಶೇಕಡಾ 4ರ ಬಡ್ಡಿಯಲ್ಲಿ ಸಾಲ ಕೊಡುವ ಯೋಜನೆಯೊಂದು 1972ರಲ್ಲೇ ಬಂದಿತ್ತು. ಒಂದು ದಿನ ಮೀನು ಹಿಡಿಯುವವನೊಬ್ಬ ಬಲೆಗೂ ಹರಿಗೋಲಿನ ರಿಪೇರಿಗೂ 500 ರೂಪಾಯಿ ಬೇಕೆಂದು ಬಂದ. ಅರ್ಜಿ ತುಂಬುವಾಗ, "ಮನೆ ಸ್ವಂತದ್ದೋ, ಬಾಡಿಗೆಯದೋ?" ಎಂದು ಕೇಳಿದೆ.

"ಸ್ವಂತದ್ದೇ ಕಣ್ ಸ್ವಾಮಿ. ಹಗಲು ನಾವು ಅದ್ರ ಮ್ಯಾಲೆ, ರಾತ್ರಿ ಅದು ನಮ್ ಮ್ಯಾಲೆ" ಎಂದ.

ನನಗೆ ತಲೆಬುಡ ತಿಳಿಯಲಿಲ್ಲ. ತನಿಖೆಗೆ ಹೊರಟ ಅಧಿಕಾರಿಯ ಜೊತೆ ನಾನೂ ಹೋದೆ. ಬೆಳಕವಾಡಿ ದಾಟಿ, ಶಿವನಸಮುದ್ರದ ಹತ್ತಿರ ಹೊಳೆಯ ದಂಡೆ. ಆಷಾಢದ ಗಾಳಿ, ತುಂತುರು ಮಳೆ. ಹರಿಗೋಲನ್ನು ಮಗುಚಿ, ಒಂದು ಅಂಚಿಗೆ ಕಲ್ಲು ಕೊಟ್ಟು ಎತ್ತರಿಸಿದ್ದರು. ಅದರಡಿಯಲ್ಲಿ ಅವನ ಹೆಂಡತಿ, ನಾಲ್ಕೈದು ವರ್ಷದ ಹೆಣ್ಣುಮಗು, ಒಂದು ಬುಟ್ಟಿ, ಎರಡು ಪಾತ್ರೆ. ಅವರ ಮನೆಯೆಂದರೆ ಅಷ್ಟೇ. ಮೀನು ಸಿಕ್ಕ ಕಡೆ ನಾಲ್ಕು ದಿನ ಇದ್ದು, ಮನೆಯನ್ನೇ ತಲೆಯ ಮೇಲೆ ಹೊತ್ತು ಆಮೆಯ ಹಾಗೆ ಮುಂದಿನ ಊರಿಗೆ ನಡೆಯುವರು.

ಹರಿಗೋಲು ನೋಡದವರಿಗೆ ಎರಡು ಮಾತು. ಬಿದಿರಿನ ಸೀಳುಗಳನ್ನು ಹೆಣೆದು ಮಾಡಿದ ದೊಡ್ಡ ಗುಂಡು ಮಂಕರಿ ಎಂದುಕೊಳ್ಳಿ. ಹಿಂದೆ ಅದರ ಹೊರಮೈಗೆ ಚರ್ಮ ಹೊದಿಸುತ್ತಿದ್ದರು. ಆಮೇಲೆ ಗೊಬ್ಬರದ ಚೀಲ, ಪ್ಲಾಸ್ಟಿಕ್ ಹಾಳೆ ಬಂದವು. ಮೇಲೆ ಕಾಯಿಸಿದ ಡಾಂಬರು. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದದ ನೀರಿನಲ್ಲೂ ಬಂಡೆಗಳ ಮೇಲೆ ತೇಲಿಹೋಗುತ್ತದೆ. ಆದರೆ ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಹುಟ್ಟು ಹಾಕುವ ಕೈ ಸ್ವಲ್ಪ ತಪ್ಪಿದರೂ ಬುಗುರಿಯಂತೆ ಸುತ್ತುತ್ತದೆ. ಸುಮಾರು 500 ವರ್ಷಗಳ ಹಿಂದೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್, ತುಂಗಭದ್ರೆಯ ಹರಿಗೋಲುಗಳಲ್ಲಿ ಹದಿನೈದಿಪ್ಪತ್ತು ಜನ ದಾಟುತ್ತಿದ್ದರೆಂದೂ ಅವು ಸುತ್ತುತ್ತಲೇ ಸಾಗುತ್ತಿದ್ದವೆಂದೂ ಬರೆದಿಟ್ಟಿದ್ದಾನೆ. ದೂರದ ಇರಾಕಿನ ಟೈಗ್ರಿಸ್ ನದಿಯಲ್ಲೂ ಇಂಥ ಗುಂಡು ದೋಣಿಗಳಿದ್ದವು.

ನಾವು ಹೋದಾಗ ತಳದಲ್ಲಿ ಬಂಡೆ ಉಜ್ಜಿದ ತೂತಿತ್ತು. ತಳಕ್ಕೆ ತೇಪೆ ಹಾಕಿದರೆ ಸೂರಿಗೂ ಹಾಕಿದ ಹಾಗೆ! ಒದ್ದೆಯ ಮೇಲೆ ಡಾಂಬರು ಹಿಡಿಯುವುದಿಲ್ಲ. ಮಳೆ ನಿಂತು ಬಿಸಿಲು ಇಣುಕಿದ್ದೇ ತಡ, ಆಕೆ ತಗಡಿನ ಡಬ್ಬದಲ್ಲಿ ಡಾಂಬರು ಕಾಯಿಸಿದಳು. ಅವನು ಬಟ್ಟೆ ಒತ್ತಿ ಬಳಿದ. ನಾನು ಕೊಂಡೊಯ್ದಿದ್ದ ಮದ್ದೂರು ವಡೆಯಲ್ಲಿ ಎರಡನ್ನು ಮಗುವಿಗೆ ಕೊಟ್ಟೆ. ಸಾಲ ಮಂಜೂರಾಯಿತು. ಸಾಲದ ವಸ್ತುವಿನ ಮೇಲೆ ಬ್ಯಾಂಕಿನ ಹೆಸರು ಬರೆಸಬೇಕೆಂದು ನಿಯಮ. ಮುಂದಿನ ವಾರ ಹರಿಗೋಲಿನ ಹೊರಮೈಗೆ ಬಿಳಿ ಬಣ್ಣದಲ್ಲಿ ಬರೆಸಿದೆವು. ರಾತ್ರಿ ಮಗುಚಿದರೆ ಅದೇ ಮನೆಯ ನಾಮಫಲಕ!

ಆಮೇಲೆ ಹೊಳೆ ಬಂತು. ನಮ್ಮ ಕಡೆ ಹನಿ ಬೀಳದಿದ್ದರೂ ಕೊಡಗಿನಲ್ಲಿ ಮಳೆ ಹಿಡಿದು ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದರೆ ಬಾಗಿಲು ತೆರೆಯುತ್ತಾರೆ. ವಯನಾಡಿನ ಮಳೆ ಕಬಿನಿಯಲ್ಲಿ ಬಂದು ತಿರುಮಕೂಡಲಿನಲ್ಲಿ ಸೇರುತ್ತದೆ. ಎರಡೂ ಒಟ್ಟಿಗೆ ಶಿವನಸಮುದ್ರಕ್ಕೆ ಇಳಿಯುತ್ತವೆ. ನಾವು ಮತ್ತೆ ಹೋಗಿ ನೋಡಿದಾಗ ಅವರಿದ್ದ ಜಾಗದಲ್ಲಿ ಕೆಂಪು ನೀರು ಹರಿಯುತ್ತಿತ್ತು. ಯಾರನ್ನು ಕೇಳಿದರೂ ಗೊತ್ತಿಲ್ಲವೆಂದರು. ಮ್ಯಾನೇಜರರು ಸಾಲದ ಖಾತೆ ಎತ್ತಿ, "ಇದು ಮುಳುಗಿತು ಬಿಡಿ" ಎಂದರು. ನನಗೆ ಆ 500 ರೂಪಾಯಿಯ ಚಿಂತೆಯಿರಲಿಲ್ಲ. ಕಂತಿನ ಪುಸ್ತಕ ತೆರೆದಾಗಲೆಲ್ಲ ವಡೆ ತಿನ್ನುತ್ತಿದ್ದ ಆ ಮಗುವಿನ ಮುಖ ಕಾಣುತ್ತಿತ್ತು. ಮನೆಯಲ್ಲಿ ಹೇಳಿಕೊಂಡೆ, ಅವಳಿಗೂ ಊಟ ಸೇರಲಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಕೌಂಟರಿನ ಮುಂದೆ ಡಾಂಬರಿನ ವಾಸನೆ. ತಲೆಯೆತ್ತಿದರೆ ಅವನೇ! ಹದಿನೈದು ರೂಪಾಯಿ ಮುಂದಿಟ್ಟ.

"ಎಲ್ಲಿ ಹೋಗಿದ್ರಪ್ಪ?"

"ರಾತ್ರಿ ಹೊಳೆ ಸದ್ದು ಬ್ಯಾರೆ ಆಯ್ತು ಅಂತ ಇವ್ಳು ಎಬ್ಬಿಸಿದ್ಲು. ಮಗೀನ ಎತ್ಕಂಡು, ಹರಿಗೋಲ ಹೊತ್ಕಂಡು ದಿಣ್ಣೆ ಹತ್ತಿದ್ವಿ. ಬಲೆ, ಪಾತ್ರೆ ಹೋದ್ವು."

"ದೋಣಿ ಇತ್ತಲ್ಲ, ಹತ್ತಿ ಕೂರಬಹುದಿತ್ತಲ್ಲ?" ಎಂದೆ, ನನ್ನ ಬಿಕಾಂ ಬುದ್ಧಿಯಲ್ಲಿ.

ಅವನು ನಕ್ಕ. "ಆ ನೀರ್ನಾಗೆ ಸುತ್ತಿ ಸುತ್ತಿ ಬಂಡೆಗೆ ಬಡಿತದೆ ಸ್ವಾಮಿ. ಹೊಳೆ ಏರ್ದಾಗ ದೋಣಿ ಹತ್ಬಾರ್ದು, ಹೊತ್ಕಬೇಕು."

"ಮಗು?"

"ಆಚೆ ಅವ್ಳೆ. ಕೆರೆ ತಾವ್ ಹೊಂಟಿದ್ವಿ."

ಎದ್ದು ಹೊರಗೆ ಬಂದೆ. ಬೇವಿನ ಮರಕ್ಕೆ ಹರಿಗೋಲು ಒರಗಿಸಿತ್ತು. ಅದರ ನೆರಳಿನಲ್ಲಿ ಮಗು ಅಮ್ಮನ ಸೆರಗು ಹಿಡಿದು ಕೂತಿತ್ತು. ಹೊಸ ಡಾಂಬರು ಬಳಿದಿದ್ದರಿಂದ ಬ್ಯಾಂಕಿನ ಹೆಸರಿನಲ್ಲಿ ಅರ್ಧ ಮುಚ್ಚಿಹೋಗಿತ್ತು. ಅದನ್ನು ನಾನು ಅಧಿಕಾರಿಗೆ ಹೇಳಲಿಲ್ಲ.