ಖೋಜಾ ಹೆಣ್ಣುಮಕ್ಕಳ ಪಾಲು: ನೀತಿ ಊರಿಗೊಂದೇ?

"ಅವರವರ ಸಂಸ್ಕೃತಿಗೆ ಅವರವರ ನೀತಿ. ಅದನ್ನು ತಪ್ಪು ಅನ್ನಲಿಕ್ಕೆ ನೀವ್ಯಾರು?" ಈ ಮಾತನ್ನು ನೀವೂ ಎಲ್ಲೋ ಕೇಳಿಯೇ ಇರುತ್ತೀರಿ. ಕೇಳಲು ಬಹಳ ಉದಾರವಾಗಿದೆ. ಆದರೆ ಇದನ್ನು ಗಾಳಿಯಲ್ಲಿ ಚರ್ಚಿಸಿ ಪ್ರಯೋಜನವಿಲ್ಲ. ಮುಂಬೈಯ ಒಂದು ಹಳೆಯ ಮೊಕದ್ದಮೆಯ ಮೇಲಿಟ್ಟು ನೋಡೋಣ.

1847ನೇ ಇಸವಿ. ಇಂದಿನ ಹೈಕೋರ್ಟ್ ಹುಟ್ಟಲು ಇನ್ನೂ 15 ವರ್ಷ ಇತ್ತು. ಆಗ ಇದ್ದದ್ದು ಬಾಂಬೆ ಸುಪ್ರೀಂ ಕೋರ್ಟ್. ಖೋಜಾ ಮತ್ತು ಕಚ್ಛಿ ಮೆಮನ್ ಮನೆತನಗಳ ಕೆಲವು ಹೆಣ್ಣುಮಕ್ಕಳು ಅದರ ಮೆಟ್ಟಿಲೇರಿದರು. ಅವರ ಬೇಡಿಕೆ ಸರಳ: ನಾವು ಮುಸ್ಲಿಮರು, ಕುರ್‌ಆನ್ ಹೆಣ್ಣುಮಕ್ಕಳಿಗೆ ನಿಗದಿ ಮಾಡಿದ ಪಾಲು ನಮಗೆ ಕೊಡಿ. ಎದುರು ಪಕ್ಷದ ಉತ್ತರವೂ ಅಷ್ಟೇ ಸರಳ: ನಮ್ಮಲ್ಲಿ ಅದು ಪದ್ಧತಿಯಲ್ಲ. ಕಛ್, ಕಾಠಿಯಾವಾಡ ಕಡೆಯಿಂದ ಬಂದ ಈ ವ್ಯಾಪಾರಿ ಸಮುದಾಯಗಳ ಪೂರ್ವಜರು ಹಿಂದೂಗಳು. ನಂಬಿಕೆ ಬದಲಾಯಿತು, ಆಸ್ತಿ ಹಂಚುವ ರೀತಿ ಬದಲಾಗಲಿಲ್ಲ. ಮಗಳಿಗೆ ಮದುವೆಯ ಖರ್ಚು, ಅಲ್ಲಿಯವರೆಗೆ ಊಟ ಬಟ್ಟೆ; ಆಸ್ತಿ ಗಂಡುಮಕ್ಕಳಿಗೆ.

ನ್ಯಾಯಾಧೀಶ ಸರ್ ಎರ್ಸ್ಕಿನ್ ಪೆರಿ ಸಾಕ್ಷಿಗಳನ್ನು ಕೇಳಿದರು, ಪದ್ಧತಿ ಇರುವುದು ನಿಜ ಎಂದು ತೀರ್ಮಾನಿಸಿದರು. ಕುರ್‌ಆನಿನ ಪಠ್ಯವನ್ನು ಈ ಸಮುದಾಯ ಎಷ್ಟರಮಟ್ಟಿಗೆ ಬಳಕೆಗೆ ತಂದುಕೊಂಡಿದೆಯೋ ಅಷ್ಟರಮಟ್ಟಿಗೆ ಮಾತ್ರ ಅದು ಕಾನೂನು ಎಂಬುದು ಅವರ ನಿಲುವು. ಹೆಣ್ಣುಮಕ್ಕಳು ಸೋತರು.

ಇಲ್ಲಿ ಒಂದು ಕುತೂಹಲದ ವಿಷಯ ಇದೆ. ಪದ್ಧತಿ ಇದ್ದರೆ ಸಾಲದು, ಅದು ನ್ಯಾಯಸಮ್ಮತವೂ ಆಗಿರಬೇಕು ಎಂದು ಪೆರಿ ಒಪ್ಪಿದ್ದರು. ಆದರೆ ಅದನ್ನು ಅಳೆದದ್ದು ಯಾವ ಕೋಲಿನಿಂದ? ಗಂಡುಮಕ್ಕಳಿದ್ದರೆ ಭೂಮಿ ಅವರಿಗೇ ಹೋಗುವ ಇಂಗ್ಲಿಷ್ ಕಾನೂನಿನಿಂದ! ನಮ್ಮಲ್ಲೂ ಹೀಗೇ ಇದೆಯಲ್ಲ, ಹಾಗಾದರೆ ಇದು ಅನ್ಯಾಯ ಹೇಗಾಗುತ್ತದೆ? ಒಂದು ಸಂಸ್ಕೃತಿಯ ಪದ್ಧತಿಗೆ ಇನ್ನೊಂದು ಸಂಸ್ಕೃತಿಯ ಪದ್ಧತಿ ಸರ್ಟಿಫಿಕೇಟ್ ಕೊಟ್ಟಂತಾಯಿತು. ಎರಡೂ ಕಡೆ ಮಗಳು ಹೊರಗೇ.

ಈಗ ಮೊದಲಿನ ಮಾತಿಗೆ ಬನ್ನಿ. ಅದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತಿವೆ. ಜನರ ನಡವಳಿಕೆ ಊರಿಂದೂರಿಗೆ ಬೇರೆ ಎಂಬುದು ಒಂದು. ಇದು ನಿಜ, ಯಾರೂ ಅಲ್ಲಗಳೆಯುವುದಿಲ್ಲ. ಆದ್ದರಿಂದ ಸರಿ-ತಪ್ಪೂ ಊರಿಂದೂರಿಗೆ ಬೇರೆ ಎಂಬುದು ಇನ್ನೊಂದು. ಮೊದಲನೆಯದರಿಂದ ಎರಡನೆಯದು ಹುಟ್ಟುವುದಿಲ್ಲ. ಭೂಮಿ ಚಪ್ಪಟೆ ಎಂದು ಕೆಲವರು, ಗುಂಡು ಎಂದು ಕೆಲವರು ನಂಬಿದ ಮಾತ್ರಕ್ಕೆ ಭೂಮಿಗೆ ಎರಡು ಆಕಾರ ಬರುವುದಿಲ್ಲ ಅಲ್ವಾ?

ಇನ್ನೂ ದೊಡ್ಡ ತೊಡಕು ಬೇರೆ ಇದೆ. "ಖೋಜಾ ಸಂಸ್ಕೃತಿ ಹೀಗೆ ಹೇಳುತ್ತದೆ" ಅನ್ನುವಾಗ ಮಾತಾಡುತ್ತಿರುವವರು ಯಾರು? ಕೋರ್ಟಿಗೆ ಹೋದ ಆ ಹೆಣ್ಣುಮಕ್ಕಳೂ ಖೋಜಾಗಳೇ. ಸಮುದಾಯ ಒಪ್ಪಿದ್ದೇ ಸರಿ ಎಂದಾದರೆ, ಒಪ್ಪದ ಮಗಳು ಬಾಯಿ ತೆರೆದ ಕ್ಷಣವೇ ತಪ್ಪಿತಸ್ಥೆ. ಅವಳ ವಾದವನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ. ಸಾಪೇಕ್ಷವಾದ ಸಹನೆಯ ಮಾತು ಅನ್ನಿಸಿಕೊಳ್ಳುತ್ತದೆ, ಆದರೆ ಅದರ ಸಹನೆ ಸಿಗುವುದು ಹೆಚ್ಚಾಗಿ ಆಗಲೇ ಬೀಗದ ಕೈ ಇಟ್ಟುಕೊಂಡವರಿಗೆ.

ಹಾಗಂತ ಸಾರ್ವತ್ರಿಕ ನೀತಿ ಇದೆ ಎನ್ನುವವರ ದಾರಿ ಸುಲಭ ಎಂದುಕೊಳ್ಳಬೇಡಿ. ಅದು ನಮಗೆ ಗೊತ್ತಾಗುವುದು ಹೇಗೆ? ಈ ಪ್ರಶ್ನೆ ನಮ್ಮ ಪರಂಪರೆಗೆ ಹೊಸದಲ್ಲ. ಒಳಿತು ಕೆಡುಕನ್ನು ಬುದ್ಧಿಯೇ ಗುರುತಿಸಬಲ್ಲದು ಎಂದರು ಮುಅ್‌ತಝಿಲಾ ಪಂಥದವರು. ಅಲ್ಲಾಹನ ಆಜ್ಞೆಯಿಂದಲೇ ಒಳಿತು ಒಳಿತಾಗುತ್ತದೆ ಎಂದರು ಅಶ್‌ಅರಿಗಳು. ಮಾತುರೀದಿಗಳು ಇವೆರಡರ ನಡುವೆ ನಿಂತರು. ಇಷ್ಟು ಜಗಳವಾಡಿದ ಇವರಲ್ಲಿ ಯಾರೂ "ಊರವರು ಮಾಡಿದ್ದೇ ನೀತಿ" ಅನ್ನಲಿಲ್ಲ. ಫಿಕ್‌ಹ್ ಶಾಸ್ತ್ರದಲ್ಲಿ ಉರ್ಫ್, ಅಂದರೆ ರೂಢಿಗೆ, ಜಾಗ ಇದೆ ನಿಜ: ಮಹ್ರ್ ಎಷ್ಟು, ಜೀವನಾಂಶ ಎಷ್ಟು ಎಂಬಲ್ಲಿ ಊರಿನ ಬಳಕೆ ನೋಡುತ್ತಾರೆ. ಸ್ಪಷ್ಟ ಹಕ್ಕನ್ನು ಅಳಿಸುವ ಅಧಿಕಾರ ಮಾತ್ರ ಅದಕ್ಕಿಲ್ಲ. ಮಗನ ಪಾಲಿನ ಅರ್ಧ ಮಗಳಿಗೆ ಎಂಬ ನಿಯಮವೇ ನ್ಯಾಯವೇ ಎಂದು ಇಂದಿನ ವಿದ್ಯಾರ್ಥಿ ಕೇಳಬಹುದು, ಕೇಳಲಿ. ಆ ಪ್ರಶ್ನೆಗೂ ಅರ್ಥ ಬರುವುದು ನ್ಯಾಯ ಎಂಬುದು ರೂಢಿಗಿಂತ ಮೇಲಿನದು ಎಂದು ಒಪ್ಪಿದಾಗಲೇ.

1937ರ ಶರೀಅತ್ ಅನ್ವಯ ಕಾಯ್ದೆ ಉತ್ತರಾಧಿಕಾರದಲ್ಲಿ ರೂಢಿಯನ್ನು ಬದಿಗಿಟ್ಟಿತು. 1938ರಲ್ಲಿ ಕಚ್ಛಿ ಮೆಮನ್ನರಿಗೆ ಪ್ರತ್ಯೇಕ ಕಾಯ್ದೆಯೇ ಬಂತು. ಪೆರಿ ತೀರ್ಪಿನಿಂದ ಇಲ್ಲಿಗೆ 90 ವರ್ಷ. ಆದರೂ 1937ರ ಕಾಯ್ದೆ ಕೃಷಿ ಭೂಮಿಯನ್ನು ಹೊರಗಿಟ್ಟೇ ಬಂತು, ಮುಂದೆ ಮದ್ರಾಸ್, ಕೇರಳದಂಥ ಕೆಲವು ಕಡೆ ಮಾತ್ರ ಅದನ್ನು ಸೇರಿಸಿಕೊಂಡರು. ಇನ್ನು ಕಾಯ್ದೆ ಇದ್ದಲ್ಲೂ ಹಕ್ಕು ಬಿಡುಗಡೆ ಪತ್ರ ಎಂಬುದೊಂದಿದೆ. ಅಣ್ಣಂದಿರು ತಂದ ಕಾಗದಕ್ಕೆ ತಂಗಿ ಸಹಿ ಹಾಕುತ್ತಾಳೆ. ಮನಸಾರೆ ಬಿಟ್ಟುಕೊಟ್ಟರೆ ಧರ್ಮದಲ್ಲೂ ಅಡ್ಡಿಯಿಲ್ಲ, ಕಾನೂನಿನಲ್ಲೂ ಇಲ್ಲ. ಕೇಳಿದರೆ ತವರು ತಪ್ಪೀತು ಎಂಬ ಹೆದರಿಕೆಯಿಂದ ಬಿಟ್ಟುಕೊಟ್ಟರೆ? ಮುಂಬೈಯ ಫ್ಲ್ಯಾಟಿರಲಿ, ಊರಿನ ಅಡಿಕೆ ತೋಟವಿರಲಿ, ಆ ಸಹಿ ಯಾವ ಬಗೆಯದ್ದು ಎಂದು ಸಬ್ ರಿಜಿಸ್ಟ್ರಾರ್ ಕೇಳುವುದಿಲ್ಲ.