ನಮ್ಮ ಹಳ್ಳದ ಅಬ್ಬಿ: ನೋಡುವುದು, ಪಟ ತೆಗೆಯುವುದು

ಹಲವಾಗಲಿನಲ್ಲಿ ಜಲಪಾತವಿಲ್ಲ. ಹರಪನಹಳ್ಳಿ ತಾಲ್ಲೂಕಿನ ಈ ಊರು ತುಂಗಭದ್ರೆಯ ದಂಡೆಯಲ್ಲಿದೆ. ನೆಲ ಸಮತಟ್ಟು, ಹೊಳೆ ಅಗಲ, ನೀರು ಧುಮುಕುವಷ್ಟು ಎತ್ತರದ ಬಂಡೆಯಿಲ್ಲ. ಆದರೂ ಮಲೆನಾಡಿನಲ್ಲಿ ಮಳೆ ಹಿಡಿದಿತೆಂದರೆ, ಇಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ಕೆಂಪಾಗಿ ಏರುತ್ತದೆ. ದಂಡೆಯಲ್ಲಿ ಭತ್ತ ಬೆಳೆಯುವವರೂ, ಈಚೆಗೆ ಅಡಿಕೆ ಇಟ್ಟವರೂ ಪಂಪ್‌ಸೆಟ್ಟನ್ನು ಮೇಲಕ್ಕೆ ಎಳೆದಿಡಲು ಓಡುತ್ತಾರೆ. ಅಲ್ಲಿ ಅಬ್ಬಿಯಾಗಿ ಬಿದ್ದ ನೀರೇ ಇಲ್ಲಿ ನೆರೆಯಾಗಿ ಬರುವುದು. ಆದುದರಿಂದ ಜಲಪಾತ ನೋಡಹೋಗುವುದನ್ನು ಬರಿಯ ರಜಾದಿನದ ಮೋಜೆಂದು ನಾವು ಎಣಿಸುವುದಿಲ್ಲ.

ತುಂಗೆ, ಭದ್ರೆ ಎರಡೂ ಗಂಗಾಮೂಲದಲ್ಲಿ ಹುಟ್ಟಿ ಶಿವಮೊಗ್ಗೆಯ ಬಳಿಯ ಕೂಡಲಿಯಲ್ಲಿ ಸೇರುತ್ತವೆ. ಭದ್ರೆಯ ನೀರನ್ನು ಲಕ್ಕವಳ್ಳಿಯ ದೊಡ್ಡ ಜಲಾಶಯ ತಡೆದು ನಿಲ್ಲಿಸುತ್ತದೆ. ಗಾಜನೂರಿನಲ್ಲಿ ತುಂಗೆಗಿರುವ ಅಣೆಕಟ್ಟು ಚಿಕ್ಕದು, ಬೇಗ ತುಂಬಿಬಿಡುತ್ತದೆ. ಹೀಗಾಗಿ ಮುಂಗಾರಿನ ಮೊದಲ ಏರಿಕೆಯಲ್ಲಿ ತುಂಗೆಯ ಪಾಲೇ ಹೆಚ್ಚು. ಮೇಲಿನ ಬೆಳೆಗಾರರು ತಮ್ಮ ಹಳ್ಳದ ಮೇಲೆ ಕಣ್ಣಿಟ್ಟರೆ ಕೆಳಗಿನ ಬಂಧುಗಳಿಗೂ ಉಪಯೋಗವಿದೆ.

ಭದ್ರೆಯ ಕಡೆಗೆ ಹರಿಯುವ ನೀರಿನಲ್ಲಿ ನೋಡತಕ್ಕದ್ದು ಹೆಬ್ಬೆ. ಕೆಮ್ಮಣ್ಣುಗುಂಡಿಯಿಂದ ಎಂಟು ಹತ್ತು ಕಿಲೋಮೀಟರ್. ಕಾಫಿ ತೋಟಗಳನ್ನು ಹಾದು, ಅರಣ್ಯ ಇಲಾಖೆಯ ನಿಯಮದಂತೆ ಹೋಗಬೇಕು. ನೀರು ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತದಲ್ಲಿ ಬೀಳುತ್ತದೆ. ಒಟ್ಟು ಎತ್ತರ 168 ಮೀಟರ್ ಎಂದು ಹೇಳುತ್ತಾರೆ. ವಯಸ್ಸಾದವರಿಗೆ ಕಲ್ಲತ್ತಿಗಿರಿ ಸುಲಭ. ಅಲ್ಲಿ ನೀರು ಬೀಳುವಲ್ಲಿಯೇ ವೀರಭದ್ರೇಶ್ವರನ ಗುಡಿ ಇದೆ. ಮಡಿಕೇರಿಯ ಅಬ್ಬಿಯಂತೂ ಕಾಫಿ, ಏಲಕ್ಕಿ ತೋಟಗಳ ನಡುವೆಯೇ ಇದೆ. ಆದರೆ ಇವೆಲ್ಲ ವರ್ಷಕ್ಕೊಮ್ಮೆ ಹೋಗುವ ಜಾಗಗಳು. ನಾವು ಹೇಳಹೊರಟಿರುವುದು ನಿಮ್ಮ ತೋಟದ ಅಂಚಿನಲ್ಲೇ ಇರುವ, ಹತ್ತು ಹದಿನೈದು ಅಡಿ ಎತ್ತರದ, ಯಾವ ನಕ್ಷೆಯಲ್ಲೂ ಇಲ್ಲದ ಅಬ್ಬಿಯ ಮಾತು.

ಅದರ ಪಟ ತೆಗೆಯಲು ದೊಡ್ಡ ಕ್ಯಾಮೆರಾ ಬೇಕಿಲ್ಲ, ಜೇಬಿನ ಮೊಬೈಲ್ ಫೋನು ಸಾಕು. ಬಿಸಿಲು ಏರಿದ ಮೇಲೆ ತೆಗೆದರೆ ನೀರು ಸುಣ್ಣ ಬಳಿದಂತೆ ಬೆಳ್ಳಗಾಗಿ, ಕಾಡು ಮಸಿಯಂತೆ ಕಪ್ಪಾಗಿ ಬರುತ್ತದೆ. ಮೋಡ ಕವಿದ ಬೆಳಗ್ಗೆ ಉತ್ತಮ. ಫೋನಿನ ತೆರೆಯಲ್ಲಿ ನೀರಿನ ಮೇಲೆ ಬೆರಳೊತ್ತಿ, ಬೆಳಕನ್ನು ಸ್ವಲ್ಪ ತಗ್ಗಿಸಿರಿ. ನೀರು ಹಾಲಿನ ಧಾರೆಯಂತೆ ಕಾಣಬೇಕಾದರೆ ಶಟರು ಅರ್ಧ ಸೆಕೆಂಡಿನಷ್ಟು ತೆರೆದಿರಬೇಕು, ಕ್ಯಾಮೆರಾ ಕದಲಬಾರದು. ಅಂತಹ ಪಟ ಗೋಡೆಗೆ ಚೆಂದ. ಆದರೆ ನೀರೆಷ್ಟು, ಬಂಡೆ ಎಲ್ಲಿಯವರೆಗೆ ಒದ್ದೆಯಾಗಿದೆ ಎಂಬುದು ಅದರಲ್ಲಿ ತಿಳಿಯುವುದಿಲ್ಲ. ಲೆಕ್ಕಕ್ಕೆ ಬೇಕಾದರೆ ಸೆಕೆಂಡಿನ ಐನೂರನೆಯ ಒಂದು ಭಾಗದ ವೇಗವೇ ಸರಿ. ಎತ್ತರ ತಿಳಿಯಲು ದಡದಲ್ಲಿ ಒಬ್ಬರನ್ನು ನಿಲ್ಲಿಸಿ. ತುಂತುರು ಒರೆಸಲು ಹಳೆಯ ಪಂಚೆಯ ತುಂಡೊಂದು ಜೊತೆಗಿರಲಿ.

ಮುಖ್ಯವಾದುದು, ನಿಲ್ಲುವ ಜಾಗ ಒಂದೇ ಇರಬೇಕು. ನಾವು ಒಂದು ಹಲಸಿನ ಮರದ ಬುಡಕ್ಕೆ ಬಣ್ಣದ ಗುರುತು ಹಾಕಿ, ಪ್ರತಿ ತಿಂಗಳ ಮೊದಲ ಭಾನುವಾರ ಅಲ್ಲಿಂದಲೇ ತೆಗೆಯುತ್ತೇವೆ. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದ ವರ್ಷವಾದ 2023ರ ಸೆಪ್ಟೆಂಬರಿನ ಪಟವನ್ನು 2024ರ ಸೆಪ್ಟೆಂಬರಿನ ಪಟದ ಪಕ್ಕಕ್ಕಿಟ್ಟರೆ ಇದು ಅದೇ ಹಳ್ಳವೇ ಎನ್ನಿಸುತ್ತದೆ. ಬಾಯಿಮಾತಿಗೆ ‘ಆಗೆಲ್ಲ ನೀರು ಬಹಳ’ ಎನ್ನುವವರು ನಮ್ಮಲ್ಲಿ ಕಡಿಮೆಯಿಲ್ಲ. ಪಟ ಇದ್ದರೆ ಆ ವಾದ ಬೇಗ ಮುಗಿಯುತ್ತದೆ.

ಫೆಬ್ರವರಿಯ ನಂತರ ಧಾರೆ ಸಣ್ಣಗಾದಾಗ ಪಟದ ಜೊತೆಗೆ ಬಕೆಟ್ಟನ್ನೂ ಒಯ್ಯಿರಿ. ಅಡಿಕೆ ದಬ್ಬೆಯಿಂದ ನೀರನ್ನು ಒಂದೆಡೆ ಕೂಡಿಸಿ ಹಿಡಿಯಿರಿ. 15 ಲೀಟರಿನ ಬಕೆಟ್ 30 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 1,800 ಲೀಟರು, ದಿನಕ್ಕೆ 43,200 ಲೀಟರು. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರಿನಂತೆ 2,160 ಮರಗಳಿಗಾಯಿತು. ಒಂಬತ್ತು ಅಡಿ ಅಂತರದ ತೋಟವಾದರೆ ನಾಲ್ಕು ಎಕರೆ. ಅಷ್ಟನ್ನೂ ನಾವೇ ತಿರುಗಿಸಿಕೊಂಡರೆ ಕೆಳಗಿನ ತೋಟದವರ ಗತಿ ಏನೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೊಸದಾಗಿ ಸಸಿ ಇಡುವ ಮೊದಲೇ ಎರಡು ಮೂರು ಬೇಸಿಗೆಯ ಲೆಕ್ಕ ಕೈಯಲ್ಲಿದ್ದರೆ ಸಾಲದ ಅರ್ಜಿಯನ್ನು ಧೈರ್ಯವಾಗಿ ಬರೆಯಬಹುದು, ಇಲ್ಲವೆ ಬರೆಯದೆ ಬಿಡಬಹುದು.

ಇನ್ನು ಅಪಾಯದ ವಿಚಾರ. ಒಂದು ಜುಲೈಯಲ್ಲಿ ನಾವು ಹಳ್ಳದ ನಡುವಿನ ಬಂಡೆಯ ಮೇಲೆ ಕ್ಯಾಮೆರಾ ಹೂಡಿ ಕುಳಿತಿದ್ದೆವು. ನಮ್ಮ ಮೇಲೆ ಮಳೆ ಇರಲಿಲ್ಲ, ಎಳೆ ಬಿಸಿಲೂ ಇತ್ತು. ತೋಟದ ಆಳು ದಡದಿಂದ ಕೂಗಿದ: “ಅಯ್ಯಾ, ಮೇಲೆ ಹತ್ತಿ, ನೀರು ಕೆಂಪಾಯ್ತು!” ನಾವು ಪಟದ ಗುಂಗಿನಲ್ಲಿ ಇನ್ನೊಂದೇ ಒಂದು ಎಂದು ತಡಮಾಡಿದೆವು. ದಡ ಸೇರುವಷ್ಟರಲ್ಲಿ ಮೊಣಕಾಲಿನ ನೀರು ಸೊಂಟಕ್ಕೆ ಬಂದಿತ್ತು. ಸ್ಟ್ಯಾಂಡು ಹೋಯಿತು, ನಾವು ಉಳಿದೆವು. ಗುಡ್ಡದ ನೆತ್ತಿಯಲ್ಲಿ ಸುರಿದ ಮಳೆ ಕೆಳಗಿರುವವರಿಗೆ ಕಾಣುವುದಿಲ್ಲ. ನೀರಿನ ಬಣ್ಣ ಬದಲಾದರೆ, ತರಗೆಲೆ ಕಡ್ಡಿ ತೇಲಿಬಂದರೆ, ಸದ್ದು ಗಡುಸಾದರೆ ಸಾಮಾನು ಬಿಟ್ಟು ಮೇಲೆ ಹತ್ತಬೇಕು. ಜೋರು ಮಳೆಯಲ್ಲಿ ಹಳ್ಳ ಏರುವ ಬದಲು ಇದ್ದಕ್ಕಿದ್ದಂತೆ ಇಳಿದರೆ ಇನ್ನೂ ಕೆಟ್ಟದ್ದು. ಮೇಲೆಲ್ಲೋ ಗುಡ್ಡ ಜಾರಿ ನೀರು ಕಟ್ಟಿಕೊಂಡಿರಬಹುದು, ಅದು ಒಡೆದರೆ ಮಣ್ಣು ಮರ ಎಲ್ಲ ಒಟ್ಟಿಗೆ ಬರುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪಾಚಿ ಹಿಡಿದ ಬಂಡೆಯ ಮೇಲೆ ರಬ್ಬರ್ ಚಪ್ಪಲಿ ಬೇಡ. ಅಬ್ಬಿಯ ನೆತ್ತಿಗೆ ಹೋಗಿ ಬಗ್ಗಿ ನೋಡುವುದಂತೂ ಬೇಡವೇ ಬೇಡ. ಇಂಬಳಕ್ಕೆ ಉಪ್ಪಿನ ಗಂಟು ಸಾಕು.

ಹಲವಾಗಲಿನಂತಹ ಊರಿನವರು ಹೊಳೆದಂಡೆಯ ಒಂದು ಮರವನ್ನೋ ಪಂಪ್ ಮನೆಯ ಗೋಡೆಯನ್ನೋ ಗುರುತಾಗಿಟ್ಟುಕೊಂಡು ಇದೇ ಕೆಲಸ ಮಾಡಬಹುದು. ಪಟಕ್ಕೆ ತಾರೀಖು, ಹೊತ್ತು, ಹಿಂದಿನ ದಿನದ ಮಳೆ, ಇಷ್ಟನ್ನು ಅಂದೇ ಪುಸ್ತಕದಲ್ಲಿ ಬರೆದಿಡಿ. ಫೋನು ಒಂದು ದಿನ ಹಳ್ಳಕ್ಕೆ ಬಿದ್ದರೂ ಪುಸ್ತಕ ಮನೆಯಲ್ಲಿರುತ್ತದೆ.