ತೋರಾ-ಸಾನ್: 48ರಲ್ಲಿ ಯಾವುದು ಮೊದಲು?

ಆಗಸ್ಟಿನ ಪಿತೃಹಬ್ಬಕ್ಕೆ ಒಂದು, ಹೊಸವರ್ಷಕ್ಕೆ ಇನ್ನೊಂದು. ಬಹಳ ವರ್ಷ ಜಪಾನಿನ ಮನೆಮಂದಿಯೆಲ್ಲ ರಜೆಯಲ್ಲಿ ಒಟ್ಟಿಗೆ ನೋಡಿದ್ದು ತೋರಾ-ಸಾನ್ ಸಿನಿಮಾಗಳನ್ನ. 1969ರಿಂದ 1995ರವರೆಗೆ 48 ಚಿತ್ರ, ನಾಯಕ ಒಬ್ಬರೇ: ಕಿಯೋಶಿ ಅತ್ಸುಮಿ. ಎರಡು ಬಿಟ್ಟು ಉಳಿದೆಲ್ಲದರ ನಿರ್ದೇಶಕ ಯೋಜಿ ಯಮಾದಾ.

ಕಥೆಯ ಎಳೆ ಒಂದೇ. ಊರೂರು ತಿರುಗುವ ವ್ಯಾಪಾರಿ ತೋರಾ ಟೋಕಿಯೋದ ಶಿಬಾಮಾತಾಗೆ, ಚಿಕ್ಕಪ್ಪನ ಮನೆಗೆ ಬರ್ತಾನೆ. ಜಗಳ ಆಡ್ತಾನೆ, ಯಾರಿಗೋ ಮನಸ್ಸು ಕೊಡ್ತಾನೆ, ಮತ್ತೆ ಹೊರಟುಹೋಗ್ತಾನೆ.

ಮೊದಲನೆಯದರಲ್ಲಿ ತೋರಾ ಒರಟ. ತಂಗಿ ಸಾಕುರಾಗೆ ಬಂದ ಸಂಬಂಧವನ್ನೇ ಕೆಡಿಸ್ತಾನೆ!

ನನ್ನ ಮಟ್ಟಿಗೆ ಸರಣಿಯ ಶಿಖರ 1975ರ 15ನೆಯದು. ಮನೆಯವರು ಕರಬೂಜ ಹೆಚ್ಚುವಾಗ ತೋರಾನ ಪಾಲು ಮರೆತುಬಿಡ್ತಾರೆ. ಅವನ ರಂಪ ನೋಡಿ ನಗ್ತೀವಿ. ಆಗ ಗಾಯಕಿ ಲಿಲಿ ಅವನನ್ನ ತರಾಟೆಗೆ ತಗೋತಾಳೆ. ಮನೆ ಅನ್ನೋದೇ ಇಲ್ಲದವಳ ಬಾಯಲ್ಲಿ ಆ ಮಾತು ಕೇಳಿದಾಗ ಗಂಟಲು ಕಟ್ಟುತ್ತೆ. ರೂರಿಕೋ ಅಸಾವೋಕಾ ಈ ಪಾತ್ರವನ್ನ 1973, 1975, 1980, 1995ರಲ್ಲಿ ಮಾಡಿದ್ರು.

42ನೆಯದರಿಂದ ಕಥೆ ಸೋದರಳಿಯ ಮಿತ್ಸುವೋನ ಪ್ರೇಮದತ್ತ ವಾಲುತ್ತೆ. ಅವು ಸೌಮ್ಯ, ನಗು ಕಡಿಮೆ.

ಈ ಸರಣಿಗೆ ಇನ್ನೊಬ್ಬ ನಿರ್ದೇಶಕರ ನಂಟೂ ಇದೆ: ಮಹಾನ್ ನಿರ್ದೇಶಕ ಯಾಸುಜಿರೋ ಓಝು ಹುಟ್ಟಿದ್ದು 1903ರಲ್ಲಿ, ಇದೇ ಟೋಕಿಯೋದ ಕೋಟೋ ವಾರ್ಡಿನ ಫುಕಾಗಾವಾದಲ್ಲಿ. ಅವರ ಚಿತ್ರಗಳ ಖಾಯಂ ತಂದೆ ಚಿಶೂ ರ್ಯೂ ಇಲ್ಲಿ ದೇವಾಲಯದ ಹಿರಿಯ ಅರ್ಚಕ. ಓಝು, ಯಮಾದಾ ಇಬ್ಬರ ಚಿತ್ರಸಂಸ್ಥೆಯೂ ಒಂದೇ, ಶೋಚಿಕು. ಮನೆಮಂದಿ ಊಟಕ್ಕೆ ಕೂತ ದೃಶ್ಯಗಳನ್ನ ಇಬ್ಬರಲ್ಲೂ ಪಕ್ಕಪಕ್ಕ ಇಟ್ಟು ನೋಡಿ.

ಶುರುಮಾಡೋರು 11ನೆಯದನ್ನ ನೋಡಿ, ಲಿಲಿ ಮೊದಲು ಬರೋದು ಅಲ್ಲೇ. ಆಮೇಲೆ 15.